ಎಣ್ಣೆಯ ಮುಳ್ಳು

ಈಗಿನ ಮೋಟಾರು ಕಾರುಗಳಲ್ಲಿ, ಚಾಲಕನ ಕಣ್ಣಿಗೆ ನೇರವಾಗಿರುವ ಫಲಕದಲ್ಲಿ, ಗಿಂಡಿಯ ಆಕಾರದ ಒಂದು ಕೆಂಪು ದೀಪವಿರುವುದನ್ನು ವಾಚಕರು ನೋಡಿರಬಹುದು. ಬೀಗದ ಕೈಯನ್ನು ತಿರುಗಿಸಿದೊಡನೆ ಅದು ಹತ್ತಿಕೊಳ್ಳುತ್ತದೆ. ಎಂಜಿನ್ನು ನಡೆಯತೊಡಗಿದ ಮೇಲೆ ಆರಿಹೋಗುತ್ತದೆ. ಆರಿದ ಮೇಲೆ ಅದರ ನೆನಪು ಯಾರಿಗೂ ಇರುವುದಿಲ್ಲ. ದಾರಿಯ ನಡುವೆ ಅದು ಮತ್ತೆ ಹತ್ತಿಕೊಳ್ಳುವುದನ್ನು ಒಮ್ಮೆಯೂ ಕಾಣದವನು ಪುಣ್ಯವಂತನೆಂದೇ ಹೇಳಬೇಕು.

ತೀರ್ಥಹಳ್ಳಿಯ ಕಡೆಯ ಒಬ್ಬ ತರುಣನಿಗೆ ಆ ಪುಣ್ಯವಿರಲಿಲ್ಲ. ಕೆಲವು ವರ್ಷಗಳ ಹಿಂದೆ, ಆಷಾಢದ ಒಂದು ಬೆಳಗಿನ ಜಾವದಲ್ಲಿ, ಆತನು ತನ್ನ ವೃದ್ಧ ತಂದೆಯನ್ನು ಕರಾವಳಿಯ ಆಸ್ಪತ್ರೆಗೆ ಕರೆದುಕೊಂಡು ಹೊರಟಿದ್ದನು. ತಂದೆಯ ಹೃದಯದ ಪರೀಕ್ಷೆಗೆ ಹತ್ತು ಗಂಟೆಯ ಹೊತ್ತು ಗೊತ್ತಾಗಿತ್ತು. ಆಗುಂಬೆ ಇನ್ನೂ ಮುಂದಿರುವಾಗಲೇ, ಮಳೆಯ ನೀರು ನಿಂತ ಗುಂಡಿಯೊಂದರಲ್ಲಿ ಅಡಗಿದ್ದ ಕಲ್ಲು ಕಾರಿನ ತಳಕ್ಕೆ ಬಡಿಯಿತು. ಸದ್ದೇನೋ ದೊಡ್ಡದಾಗಿಯೇ ಆಯಿತು. ಆದರೆ ಕಾರು ನಿಲ್ಲಲಿಲ್ಲ. ಸ್ವಲ್ಪ ದೂರ ಸಾಗಿದ ಮೇಲೆ ಗಿಂಡಿಯ ದೀಪವು ಒಮ್ಮೆ ಮಿನುಗಿ, ಆರಿ, ಮತ್ತೆ ಹತ್ತಿಕೊಂಡು ಹಾಗೆಯೇ ನಿಂತಿತು. “ಇನ್ನೇನು, ಎರಡು ಕಿಲೋಮೀಟರಿಗೆ ಆಗುಂಬೆ, ಅಲ್ಲಿ ನೋಡಿದರಾಯಿತು” ಎಂದುಕೊಂಡು ಆತನು ಮುಂದುವರಿದನು. ಎರಡು ಕಿಲೋಮೀಟರು ಸಾಗಲಿಲ್ಲ. ಕಬ್ಬಿಣದಿಂದ ಕಬ್ಬಿಣವನ್ನು ಕುಟ್ಟಿದಂತಹ ಶಬ್ದವು ಎಂಜಿನ್ನಿನಿಂದ ಹೊರಟು, ಅನಂತರ ಎಲ್ಲವೂ ಸ್ತಬ್ಧವಾಯಿತು. ತಂದೆ ಮಕ್ಕಳಿಬ್ಬರೂ ಆ ಮಳೆಯಲ್ಲಿ ಒಂದೂವರೆ ಗಂಟೆ ಬಸ್ಸಿಗಾಗಿ ಕಾದರು. ಪರೀಕ್ಷೆಯ ಹೊತ್ತು ತಪ್ಪಿತು. ಮತ್ತೊಂದು ದಿನ ದೊರೆಯುವುದಕ್ಕೆ ಮೂರು ವಾರಗಳು ಹಿಡಿದವು. ಆ ಮೂರು ವಾರಗಳಲ್ಲಿ ಕೆಡುಕೇನೂ ಸಂಭವಿಸದಿದ್ದುದು ದೈವಕೃಪೆ.

ತಂದೆಯವರು ಮಗನನ್ನು ಆಕ್ಷೇಪಿಸಲಿಲ್ಲ. ಆದರೆ ಅಲ್ಲಿಂದ ಮುಂದೆ ಆಸ್ಪತ್ರೆಗೆ ಹೋಗಬೇಕಾದಾಗಲೆಲ್ಲ, “ನನಗೆ ಬಸ್ಸೇ ಸರಿ ಕಣೋ. ಕಿಟಕಿಯ ಹತ್ತಿರ ಕೂತರೆ ಗಾಳಿ ಬರುತ್ತೆ” ಎನ್ನತೊಡಗಿದರು. ಮಗನಿಗೆ ಈ ಮಾತು ಬೈಗುಳಕ್ಕಿಂತಲೂ ಆಳವಾಗಿ ನಾಟಿತು.

ವಿಚಾರಮಾಡಿದರೆ ಆ ದೀಪದಲ್ಲಿ ದೋಷವಿರಲಿಲ್ಲ. ಬಹುಮಟ್ಟಿನ ಕಾರುಗಳಲ್ಲಿ ಅದರ ಸ್ವಿಚ್ಚು ಎಣ್ಣೆಯ ಒತ್ತಡವು ಸುಮಾರು ಅರ್ಧ ಬಾರ್‌ಗಿಂತ ಕೆಳಗಿಳಿದಾಗ ಮಾತ್ರ ದೀಪವನ್ನು ಹತ್ತಿಸುವುದು. ಒಂದು ಬಾರ್ ಎಂದರೆ ಸಮುದ್ರಮಟ್ಟದಲ್ಲಿ ನಮ್ಮ ಸುತ್ತಣ ಗಾಳಿಗಿರುವಷ್ಟು ಒತ್ತಡ. ವೇಗವಾಗಿ ತಿರುಗುವ ಎಂಜಿನ್ನಿನಲ್ಲಿ ಮೂರು ನಾಲ್ಕು ಬಾರ್ ಒತ್ತಡವಿರುವುದು ಸಾಮಾನ್ಯ. ನಾಲ್ಕರಿಂದ ಅರ್ಧಕ್ಕೆ ಇಳಿಯುವವರೆಗಿನ ಕಥೆಯನ್ನೆಲ್ಲ ದೀಪವು ತನ್ನಲ್ಲಿಯೇ ಇಟ್ಟುಕೊಂಡು, ಕಡೆಯ ಪುಟವನ್ನು ಮಾತ್ರ ಓದಿ ಹೇಳುತ್ತದೆ. ಆ ಪುಟವನ್ನು ಕೇಳಿಯೂ ಮುಂದೆ ನಡೆದುದು ತರುಣನ ತಪ್ಪು. ಅದನ್ನು ಆತನು ತನ್ನೊಳಗೆ ಒಪ್ಪಿಕೊಂಡಿದ್ದನು.

ಆತನು ಸಾಲಮಾಡಿ ಕೊಂಡ ಎರಡನೆಯ ಕಾರು ಟರ್ಬೊ ಉಳ್ಳದ್ದು. ಎಂಜಿನ್ನು ಹೊರಹಾಕುವ ಬಿಸಿ ಹೊಗೆಯಿಂದಲೇ ಒಂದು ಚಕ್ರವನ್ನು ತಿರುಗಿಸಿ, ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರದಿಂದ ಹೊರಗಿನ ಗಾಳಿಯನ್ನು ಅದುಮಿ ಎಂಜಿನ್ನಿಗೆ ತುಂಬುವ ಸಾಧನವೇ ಟರ್ಬೊ. ಗಾಳಿ ಹೆಚ್ಚಿದರೆ ಹೆಚ್ಚು ಇಂಧನವನ್ನು ಉರಿಸಬಹುದು. ಸಣ್ಣ ಎಂಜಿನ್ನಿನಿಂದಲೇ ದೊಡ್ಡದರ ಬಲವನ್ನು ಪಡೆಯಬಹುದು. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಎಂಜಿನಿಯರನು 1905ರಲ್ಲಿ ಈ ಕಲ್ಪನೆಗೆ ಹಕ್ಕುಪತ್ರವನ್ನು ಪಡೆದನು. 1962ರಲ್ಲಿ ಅಮೆರಿಕದ ಎರಡು ಕಾರುಗಳು ಇದನ್ನು ಧರಿಸಿ ಮಾರಾಟಕ್ಕೆ ಬಂದವು. ಇಂದು ನಮ್ಮ ಊರುಗಳಲ್ಲಿ ತಿರುಗಾಡುವ ಸಾಧಾರಣ ಕಾರುಗಳಲ್ಲಿಯೂ ಇದನ್ನು ಕಾಣಬಹುದು. ಈ ಟರ್ಬೊವಿನ ಅಚ್ಚು ನಿಮಿಷಕ್ಕೆ ಒಂದು ಲಕ್ಷ ಸುತ್ತನ್ನೂ ಮೀರಿ ತಿರುಗುವುದುಂಟು. ಪೆಟ್ರೋಲು ಕಾರುಗಳಲ್ಲಿ ಅದರ ಒಂದು ಪಕ್ಕಕ್ಕೆ ತಗಲುವ ಹೊಗೆಯ ಉಷ್ಣತೆ 900 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಏರಬಹುದು. ಅಂತಹ ಅಚ್ಚನ್ನು ಸಾಮಾನ್ಯವಾಗಿ ಹೊತ್ತು ನಿಂತಿರುವುದು ಕೂದಲೆಳೆಗಿಂತ ತೆಳುವಾದ ಎಣ್ಣೆಯ ಪೊರೆ. ಅದೇ ಎಣ್ಣೆಯೇ ಅಚ್ಚಿನ ತಾಪವನ್ನೂ ಹೊತ್ತುಕೊಂಡು ಹೋಗಬೇಕು. ಇದನ್ನೆಲ್ಲ ಓದಿ ತಿಳಿದಾಗ ತರುಣನಿಗೆ ಗಿಂಡಿಯ ದೀಪವೊಂದನ್ನೇ ನಂಬಿ ಘಟ್ಟವಿಳಿಯುವ ಧೈರ್ಯವಾಗಲಿಲ್ಲ. ಎಣ್ಣೆಯ ಒತ್ತಡಕ್ಕೆ ಒಂದು, ಉಷ್ಣತೆಗೆ ಒಂದು, ಹೀಗೆ ಎರಡು ಮಾಪಕಗಳನ್ನು ತರಿಸಿ, ಊರಿನ ಹಳೆಯ ಮೇಸ್ತ್ರಿಯೊಬ್ಬನ ಷೆಡ್ಡಿಗೆ ಒಯ್ದನು.

ಮೇಸ್ತ್ರಿಯು ಅವುಗಳನ್ನು ಅಂಗೈಯಲ್ಲಿಟ್ಟು ನೋಡಿ, “ಇದನ್ನ ಹಾಕಿದರೆ ಎಣ್ಣೆ ಹೆಚ್ಚಾಗುತ್ತಾ ಸ್ವಾಮೀ?” ಎಂದನು. ಹಾಸ್ಯವಾಗಿ ಆಡಿದ ಮಾತಾದರೂ ಅದರಲ್ಲಿ ತಿರುಳಿತ್ತು.

ಕೆಲಸದ ರೀತಿ ಹೀಗೆ: ಎಣ್ಣೆಯನ್ನು ಸೋಸುವ ಫಿಲ್ಟರನ್ನು ಬಿಚ್ಚಿ, ಅದಕ್ಕೂ ಎಂಜಿನ್ನಿಗೂ ನಡುವೆ ಒಂದು ಲೋಹದ ಬಿಲ್ಲೆಯನ್ನು ಕೂಡಿಸಬೇಕು. ಬಿಲ್ಲೆಯ ಅಂಚಿನಲ್ಲಿ ತಿರುಪು ಕೊರೆದ ರಂಧ್ರಗಳಿರುತ್ತವೆ. ಒಂದರಲ್ಲಿ ಒತ್ತಡದ ಸೆನ್ಸರನ್ನೂ ಇನ್ನೊಂದರಲ್ಲಿ ಉಷ್ಣತೆಯ ಸೆನ್ಸರನ್ನೂ ತಿರುಗಿಸಿ ಕೂಡಿಸಿದರೆ, ಅಲ್ಲಿ ಹಾದುಹೋಗುವ ಎಣ್ಣೆಯ ಸಮಾಚಾರವು ತಂತಿಯ ಮೂಲಕ ಚಾಲಕನ ಎದುರಿನ ಮುಳ್ಳಿಗೆ ತಲುಪುತ್ತದೆ. ಉಷ್ಣತೆಯ ಸೆನ್ಸರು ಸರಾಗವಾಗಿ ಕುಳಿತುಕೊಂಡಿತು. ಒತ್ತಡದ ಸೆನ್ಸರನ್ನು ಮೇಸ್ತ್ರಿಯು ಬೆರಳಿನಿಂದ ಎರಡು ಸುತ್ತು ತಿರುಗಿಸಿ, ಫಕ್ಕನೆ ಕೈ ತೆಗೆದನು. “ಸ್ಪ್ಯಾನರು ಹಾಕಿ ಒತ್ತಬಹುದಲ್ಲ?” ಎಂದು ತರುಣನು ಕೇಳಿದನು. “ಬೇಡಿ. ಬಲ ಹಾಕಿದರೆ ಹೋಗುತ್ತೆ. ಆದರೆ ಇದು ಇದರ ಜೋಡಿ ಅಲ್ಲ” ಎಂದು ಮೇಸ್ತ್ರಿಯು ಅದನ್ನು ಬಿಚ್ಚಿ ಪಕ್ಕಕ್ಕಿಟ್ಟನು.

ಆತನ ಬೆರಳು ಹೇಳಿದುದು ದಿಟವಾಗಿತ್ತು. ಎರಡೂ ಎಂಟನೆಯ ಒಂದಂಶ ಇಂಚಿನ ಕೊಳವೆಯ ತಿರುಪೆಂದೇ ಹೆಸರು ಪಡೆದವು. ಆದರೆ ಬಿಲ್ಲೆಯ ರಂಧ್ರವು ಬ್ರಿಟಿಷ್ ಪದ್ಧತಿಯದು. ಇಂಚಿಗೆ 28 ಸುತ್ತು. ಸೆನ್ಸರು ಅಮೆರಿಕದ ಪದ್ಧತಿಯದು. ಇಂಚಿಗೆ 27 ಸುತ್ತು. ಸುತ್ತುಗಳ ಕೋನವೂ ಒಂದರಲ್ಲಿ 55 ಡಿಗ್ರಿ, ಇನ್ನೊಂದರಲ್ಲಿ 60. ಕಣ್ಣಿಗೆ ಭೇದವೇ ತೋರದು. ಬಲಾತ್ಕಾರದಿಂದ ಕೂಡಿಸಿದರೆ ಕೆಲವು ದಿನ ಹಿಡಿದುಕೊಂಡಿದ್ದು, ಒಂದು ದಿನ ದಾರಿಯಲ್ಲಿ ಎಣ್ಣೆಯನ್ನು ಹೊರಚೆಲ್ಲಬಹುದು. ಸರಿಯಾದ ಸೆನ್ಸರು ಬೆಂಗಳೂರಿನಿಂದ ಬರುವುದಕ್ಕೆ ಎಂಟು ದಿನಗಳಾದವು. ಅದು ಬಂದ ಮೇಲೆ ಮೇಸ್ತ್ರಿಯು ಎರಡನ್ನೂ ಕೂಡಿಸಿ, ಹಳೆಯ ಕೆಂಪು ದೀಪದ ಸ್ವಿಚ್ಚನ್ನು ಇದ್ದಲ್ಲಿಯೇ ಉಳಿಸಿದನು. “ಹೊಸಬರು ಬಂದರೂ ಹಳಬರನ್ನ ಕಳಿಸಬಾರದು” ಎಂಬುದು ಆತನ ಅಭಿಪ್ರಾಯ.

ಆ ಎಂಟು ದಿನಗಳ ಬಿಡುವಿನಲ್ಲಿ ತರುಣನು ಓದಿದ ಒಂದು ವೃತ್ತಾಂತವು ಇಲ್ಲಿ ಹೇಳಲು ಯೋಗ್ಯವಾಗಿದೆ. ಇಂಗ್ಲೆಂಡಿನಲ್ಲಿ ಬೋಷಾಂ ಟವರ್ ಎಂಬ ಎಂಜಿನಿಯರನು ಅಚ್ಚುಗಳ ಘರ್ಷಣೆಯನ್ನು ಕುರಿತು ಪ್ರಯೋಗಗಳನ್ನು ನಡೆಸಿ, 1883ರಲ್ಲಿ ವರದಿಯನ್ನು ಒಪ್ಪಿಸಿದನು. ಅಚ್ಚಿನ ಮೇಲೆ ಕೂತ ಬೇರಿಂಗಿನ ನೆತ್ತಿಯಲ್ಲಿ, ಎಣ್ಣೆ ಹಾಕುವುದಕ್ಕೆಂದು ಆತನು ಒಂದು ರಂಧ್ರವನ್ನು ಕೊರೆಸಿದ್ದನು. ಅಚ್ಚು ತಿರುಗತೊಡಗಿದಾಗ ಎಣ್ಣೆಯು ಒಳಗೆ ಇಳಿಯುವುದಕ್ಕೆ ಬದಲಾಗಿ ಆ ರಂಧ್ರದಿಂದ ಮೇಲಕ್ಕೆ ಉಕ್ಕಿತು. ಬಿರಡೆ ಹಾಕಿದರೆ ಬಿರಡೆಯನ್ನೂ, ಮರದ ಬೆಣೆ ಬಡಿದರೆ ಬೆಣೆಯನ್ನೂ ಹೊರಕ್ಕೆ ತಳ್ಳಿತು. ಕಡೆಗೆ ಅಲ್ಲಿ ಒಂದು ಒತ್ತಡದ ಮಾಪಕವನ್ನು ಕೂಡಿಸಿದಾಗ, ಚದರ ಇಂಚಿಗೆ 200 ಪೌಂಡಿನವರೆಗೆ ಗುರುತುಗಳಿದ್ದ ಆ ಮಾಪಕದ ಮುಳ್ಳು ಕೊನೆಯನ್ನೂ ದಾಟಿತು. ಬೇರಿಂಗಿನ ಮೇಲೆ ಹೇರಿದ್ದ ಭಾರದ ಸರಾಸರಿಯೋ 100 ಪೌಂಡು ಮಾತ್ರ. ತಿರುಗುವ ಅಚ್ಚು ತನ್ನ ಕೆಳಗಿನ ಎಣ್ಣೆಯನ್ನು ತಾನೇ ಎಳೆದುಕೊಂಡು, ಅದರ ಮೇಲೆ ಭಾರವನ್ನು ತೇಲಿಸುತ್ತದೆಯೆಂಬುದು ಹೀಗೆ ಬೆಳಕಿಗೆ ಬಂದಿತು. ಅದರ ಗಣಿತವನ್ನು ಆಸ್ಬರ್ನ್ ರೆನಾಲ್ಡ್ಸನು 1886ರಲ್ಲಿ ವಿವರಿಸಿದನು. ಟವರನು ಆ ಬೆಣೆಯನ್ನು ಇನ್ನೂ ಬಲವಾಗಿ ಬಡಿದು ಸುಮ್ಮನಾಗಿದ್ದರೆ ಈ ತತ್ತ್ವವು ಆತನ ಕೈಗೆ ಸಿಕ್ಕುತ್ತಿರಲಿಲ್ಲ. ಅದು ಏಕೆ ಹೊರಬರುತ್ತದೆಯೆಂದು ಕೇಳಿದುದೇ ಆತನ ಹಿರಿಮೆ.

ಮಾಪಕಗಳೇನೋ ನೆಲೆಗೊಂಡವು. ನೆಮ್ಮದಿ ಮಾತ್ರ ಬರಲಿಲ್ಲ. ಬೆಳಗ್ಗೆ ತಣ್ಣಗಿನ ಎಂಜಿನ್ನನ್ನು ಹೊರಡಿಸಿದಾಗ ಐದು ಬಾರ್ ತೋರಿದ ಮುಳ್ಳು, ಪೇಟೆಯವರೆಗೆ ಹೋಗಿಬಂದು ನಿಂತಾಗ ಒಂದಕ್ಕೆ ಇಳಿದಿರುತ್ತಿತ್ತು. ತರುಣನು ಎದೆಗುಂದಿ ಮೇಸ್ತ್ರಿಯಲ್ಲಿಗೆ ಓಡಿದನು. ಮೇಸ್ತ್ರಿಯು ನಕ್ಕು, “ತುಪ್ಪ ಬಿಸಿ ಮಾಡಿದರೆ ತೆಳ್ಳಗಾಗೋದಿಲ್ವೇ?” ಎಂದನು. ಬಿಸಿ ಎಣ್ಣೆ ತೆಳುವಾದುದು. ಎಂಜಿನ್ನು ಮೆಲ್ಲಗೆ ತಿರುಗುವಾಗ ಪಂಪು ತಳ್ಳುವ ಎಣ್ಣೆಯೂ ಕಡಮೆ. ಆದುದರಿಂದ ಆ ಸ್ಥಿತಿಯಲ್ಲಿ ಒಂದು ಬಾರ್ ಎಂಬುದು ಆರೋಗ್ಯವೇ. ಅದೇ ಒಂದು ಬಾರ್ ಘಟ್ಟವನ್ನು ಏರುವಾಗ ಕಂಡುಬಂದರೆ ಮರಣಶಾಸನ. ತರ್ಕವನ್ನು ಓದಿದವರಿಗೆ ಇದು ಹೊಸ ಮಾತಲ್ಲ. ಬೆಟ್ಟದ ಮೇಲಿನ ಹೊಗೆಯನ್ನು ಎಲ್ಲರ ಕಣ್ಣೂ ಕಾಣುತ್ತದೆ. ಹೊಗೆಗೂ ಬೆಂಕಿಗೂ ಇರುವ ವ್ಯಾಪ್ತಿಯನ್ನು ಅರಿತವನು ಮಾತ್ರ ಬೆಂಕಿಯನ್ನು ಊಹಿಸುತ್ತಾನೆ. ಮಾಪಕವು ಕೊಡುವುದು ಹೇತುವನ್ನು ಮಾತ್ರ. ವ್ಯಾಪ್ತಿಯು ನೋಡುವವನಲ್ಲಿ ಇರಬೇಕು. ತರುಣನು ಎರಡು ತಿಂಗಳು ಮುಳ್ಳುಗಳನ್ನು ಗಮನಿಸಿ, ಎಷ್ಟು ವೇಗಕ್ಕೆ, ಎಷ್ಟು ಬಿಸಿಗೆ, ಎಷ್ಟು ಒತ್ತಡವೆಂಬುದನ್ನು ಒಂದು ಸಣ್ಣ ಪುಸ್ತಕದಲ್ಲಿ ಬರೆದಿಟ್ಟನು. ಆಮೇಲೆ ಪುಸ್ತಕದ ಅಗತ್ಯ ತಪ್ಪಿತು. ಭಯವೂ ಕಡಮೆಯಾಯಿತು.

ಭಯದ ಜೊತೆಗೆ ಇನ್ನೊಂದು ಅಭ್ಯಾಸವೂ ಕಡಮೆಯಾದುದನ್ನು ಆತನು ಗಮನಿಸಲಿಲ್ಲ. ಮಾಪಕಗಳಿಲ್ಲದಿದ್ದಾಗ ಪ್ರತಿ ಭಾನುವಾರವೂ ಅಳತೆಯ ಕಡ್ಡಿಯನ್ನು ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ, ಎಣ್ಣೆಯ ಮಟ್ಟವನ್ನು ನೋಡುತ್ತಿದ್ದನು. ಈಗ ಮುಳ್ಳೇ ಹೇಳುತ್ತಿರುವಾಗ ಕಡ್ಡಿಯೇಕೆ ಎಂದುಕೊಂಡನು.

ಭಾದ್ರಪದದಲ್ಲಿ ತಂದೆಯವರು ಎಂದಿನಂತೆ ಬಸ್ಸಿನಲ್ಲಿ ಆಸ್ಪತ್ರೆಗೆ ಹೋದರು. ಅಂದು ಪರೀಕ್ಷೆಗಳು ಹೆಚ್ಚಾಗಿ, ಬಸ್ಸಿನಲ್ಲಿ ಹಿಂದಿರುಗುವಷ್ಟು ತ್ರಾಣ ಉಳಿಯಲಿಲ್ಲ. ಮಗನು ಕಾರನ್ನು ಒಯ್ದು ಅವರನ್ನು ಕೂಡಿಸಿಕೊಂಡು ಹೊರಟನು. ಸೋಮೇಶ್ವರವನ್ನು ದಾಟಿ ಘಟ್ಟದ ಹದಿನಾಲ್ಕು ತಿರುವುಗಳನ್ನು ಏರತೊಡಗಿದಾಗ ಕತ್ತಲೆ ಇಳಿಯುತ್ತಿತ್ತು. ಎಣ್ಣೆಯ ಉಷ್ಣತೆ 110 ಡಿಗ್ರಿಗೆ ಏರಿತ್ತು. ಅದು ಆ ಏರಿಗೆ ಸಹಜವೆಂದು ಆತನಿಗೆ ಗೊತ್ತಿತ್ತು. ಐದನೆಯ ತಿರುವಿನಲ್ಲಿ ಒತ್ತಡದ ಮುಳ್ಳು ಮೂರರಿಂದ ಒಂದೂವರೆಗೆ ಬಿದ್ದು, ತಿರುವು ಮುಗಿದೊಡನೆ ಮೂರಕ್ಕೆ ಮರಳಿತು. ಆರನೆಯ ತಿರುವಿನಲ್ಲಿಯೂ ಹಾಗೆಯೇ ಆಯಿತು. ಕೆಂಪು ದೀಪವು ಹತ್ತಿರಲಿಲ್ಲ. ಎಂಜಿನ್ನಿನ ಸದ್ದಿನಲ್ಲಿ ವ್ಯತ್ಯಾಸವಿರಲಿಲ್ಲ. ಎಂಟು ತಿರುವುಗಳನ್ನು ಏರಿದರೆ ಆಗುಂಬೆ.

ಆತನು ಏರಲಿಲ್ಲ. ತಿರುವಿನಾಚೆ ರಸ್ತೆ ತುಸು ಅಗಲವಾದೆಡೆಯಲ್ಲಿ ಕಾರನ್ನು ನಿಲ್ಲಿಸಿದನು. ಬಿಸಿಯೇರಿದ ಟರ್ಬೊವನ್ನು ಒಂದು ನಿಮಿಷ ಹಗುರವಾಗಿ ತಿರುಗಗೊಟ್ಟು ಆಮೇಲೆ ಎಂಜಿನ್ನನ್ನು ಆರಿಸಬೇಕೆಂಬುದು ನಿಯಮ. ಎಣ್ಣೆಯೇ ಸಂದೇಹಾಸ್ಪದವಾದಾಗ ಆ ನಿಯಮವು ಸಲ್ಲದೆಂದು ಒಡನೆಯೇ ಆರಿಸಿ, ಚಕ್ರಕ್ಕೆ ಕಲ್ಲು ಕೊಟ್ಟನು. ಸ್ವಲ್ಪ ಹೊತ್ತು ಬಿಟ್ಟು ಕಡ್ಡಿಯನ್ನು ಎಳೆದು ನೋಡಿದರೆ, ಎಣ್ಣೆಯು ಕೆಳಗಣ ಗೆರೆಗಿಂತಲೂ ಬಹಳ ಕೆಳಗಿತ್ತು. ಒತ್ತಡದ ಮಾಪಕವು ಎಣ್ಣೆಯ ಪರಿಮಾಣವನ್ನು ಹೇಳುವುದಿಲ್ಲ. ಪಂಪಿನ ಬಾಯಿ ಎಣ್ಣೆಯಲ್ಲಿ ಮುಳುಗಿರುವವರೆಗೆ ಮುಳ್ಳು ಎಂದಿನಂತೆಯೇ ನಿಂತಿರುತ್ತದೆ. ಏರು ತಿರುವಿನಲ್ಲಿ ಎಣ್ಣೆ ಒಂದು ಪಕ್ಕಕ್ಕೆ ಸರಿದು ಪಂಪು ಗಾಳಿಯನ್ನು ನುಂಗಿದಾಗಲೇ ಮುಳ್ಳು ಬಿದ್ದುದು. ಟಾರ್ಚು ಹಿಡಿದು ನೋಡಿದಾಗ ಸೋರಿಕೆಯ ಮೂಲವೂ ಕಂಡಿತು. ಮಾಪಕಗಳಿಗಾಗಿ ಕೂಡಿಸಿದ್ದ ಆ ಬಿಲ್ಲೆಯ ಅಂಚಿನಿಂದಲೇ ಎಣ್ಣೆ ಹನಿಹನಿಯಾಗಿ ಜಾರುತ್ತಿತ್ತು. ಕೂಡಿಸುವಾಗ ಅದರ ರಬ್ಬರಿನ ಬಳೆ ಎಳ್ಳಷ್ಟು ನಲುಗಿತ್ತೆಂದು ಮರುದಿನ ಮೇಸ್ತ್ರಿಯ ಷೆಡ್ಡಿನಲ್ಲಿ ತಿಳಿದುಬಂದಿತು. ಅಂಗಳದಲ್ಲಿ ಬಿದ್ದ ಹನಿಗಳನ್ನು ಮಲೆನಾಡಿನ ಮಳೆಯು ದಿನವೂ ತೊಳೆದಿತ್ತು.

ಕಾರಿನ ಹಿಂಭಾಗದಲ್ಲಿ ಎಣ್ಣೆಯ ಡಬ್ಬವಿತ್ತು. ಅದನ್ನು ಸುರಿಯುತ್ತಿರುವಾಗ ತಂದೆಯವರು ಶಾಲು ಹೊದ್ದು ಕೆಳಗಿಳಿದು ಬಂದು, ನಡೆದುದನ್ನೆಲ್ಲ ಕೇಳಿ ತಿಳಿದುಕೊಂಡರು.

“ಹಾಗಾದರೆ, ನಿನ್ನ ಮೀಟರು ಹಾಕದೆ ಇದ್ದಿದ್ದರೆ ಎಣ್ಣೆ ಸೋರುತ್ತಲೇ ಇರಲಿಲ್ಲ?”

“ಇಲ್ಲ ಅಪ್ಪಯ್ಯ.”

“ಸೋರಿದ್ದನ್ನ ಹೇಳಿದ್ದೂ ಅದೇ?”

“ಹೌದು ಅಪ್ಪಯ್ಯ.”

ವೃದ್ಧರು ಬಹಳ ಹೊತ್ತು ನಕ್ಕರು. ಮಗನಿಗೂ ನಗು ಬಂದಿತು. ಎಣ್ಣೆ ತುಂಬಿದ ಮೇಲೆ ಮುಳ್ಳು ಉಳಿದ ತಿರುವುಗಳಲ್ಲಿ ಅಲುಗಲಿಲ್ಲ. ಆದರೂ ಆತನು ಆಗುಂಬೆಯಲ್ಲಿ ಒಮ್ಮೆ, ಊರಿನ ಹತ್ತಿರ ಇನ್ನೊಮ್ಮೆ ನಿಲ್ಲಿಸಿ ಕಡ್ಡಿಯನ್ನು ನೋಡಿಯೇ ಮನೆಯನ್ನು ಸೇರಿದನು.

ಮುಂದಿನ ಸಲ ಆಸ್ಪತ್ರೆಯ ದಿನ ಬಂದಾಗ ತಂದೆಯವರು ಬಸ್ಸಿನ ಹೊತ್ತನ್ನು ವಿಚಾರಿಸಲಿಲ್ಲ. ಚೀಲವನ್ನು ಹಿಡಿದು ಅಂಗಳಕ್ಕೆ ಬಂದು, “ಕಡ್ಡಿ ನೋಡಿದೆಯೇನೋ?” ಎಂದು ಕೇಳಿ, ಕಾರನ್ನು ಹತ್ತಿದರು.