ಎಷ್ಟು ಓಡಿದೆ, ಎಲ್ಲಿ ಓಡಿದೆ

ಸೆಕೆಂಡ್ ಹ್ಯಾಂಡ್ ಡೀಸೆಲ್ ಗಾಡಿ ಕೊಳ್ಳುವಾಗ ಎಷ್ಟು ಓಡಿದೆ ಎಂದು ಎಲ್ಲರೂ ಕೇಳುತ್ತಾರೆ. ಎಲ್ಲಿ ಓಡಿದೆ ಎಂದು ಕೇಳುವವರು ಕಡಿಮೆ.

ಧಾರವಾಡದಲ್ಲಿ ಅವ್ವ ಒಬ್ಬಳೇ ಇರುತ್ತಾಳೆ. ನಡುರಾತ್ರಿ ಫೋನ್ ಬಂದರೆ ಪುಣೆಯಿಂದ ಹಾಗೇ ಹೊರಡುವಂತಿರಬೇಕು. ಅದಕ್ಕೇ ಆರೂವರೆ ಲಕ್ಷ ಕೊಟ್ಟು ಈ 2020ರ ಕಾಂಪ್ಯಾಕ್ಟ್ ಎಸ್‌ಯುವಿ ತಂದದ್ದು. ಮೊದಲ ಮಾಲೀಕರು ಮನೆಯಿಂದ ಆಫೀಸಿಗೆ, ಆರು ಕಿಲೋಮೀಟರ್, ಅಷ್ಟೇ ಓಡಿಸಿದವರು. ಕೇಳಲು ಎಷ್ಟು ಚಂದ! ಆದರೆ ಬಿಎಸ್6 ಡೀಸೆಲ್ ಗಾಡಿಯಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಆ ಮಸಿ ಸುಟ್ಟುಹೋಗಲು ಸುಮಾರು 600 ಡಿಗ್ರಿ ಕಾವು ಬೇಕು. ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವ ಗಾಡಿಗೆ ಅದೆಲ್ಲಿಂದ ಬರಬೇಕು? ಎರಡನೇ ತಿಂಗಳಿಗೇ ದೀಪ ಹತ್ತಿತು, ಪಿಕಪ್ ಹೋಯಿತು. ಗ್ಯಾರೇಜಿನಲ್ಲಿ ಕಂಪ್ಯೂಟರ್ ಹಚ್ಚಿ ಮಸಿ ಸುಡಿಸಲು 4,500 ರೂಪಾಯಿ. ಹೊಸ ಫಿಲ್ಟರಿನ ಬೆಲೆ ಕೇಳಿದೆ, ಲಕ್ಷ ದಾಟಿತ್ತು. ಫಿಲ್ಟರನ್ನೇ ಕಿತ್ತುಹಾಕೋಣ ಎಂದ ಮೆಕ್ಯಾನಿಕ್. ಅದು ಕಾನೂನಿಗೂ ವಿರುದ್ಧ, ಹಿಂದೆ ಬರುವವರ ಶ್ವಾಸಕ್ಕೂ ಕೇಡು. ಬೇಡವೆಂದೆ.

ಕ್ಲಚ್ಚಿನದು ಇನ್ನೊಂದು ಕಥೆ. ಊರಿಗೆ ಹೋಗುವಾಗ ಖಂಬಾಟ್ಕಿ ಘಾಟಿನಲ್ಲಿ ಎಂಜಿನ್ ಕೂಗುತ್ತಿತ್ತು, ಗಾಡಿ ಮಾತ್ರ ಏರುತ್ತಿರಲಿಲ್ಲ. ಗೇರ್‌ಬಾಕ್ಸ್ ಇಳಿಸಿಯೇ ಮಾಡಬೇಕಾದ ಕೆಲಸ. ಪ್ಲೇಟು, ಬೇರಿಂಗು, ಕೂಲಿ ಸೇರಿ 19,000. ಮುಂದಿನ ಚಕ್ರದ ಟಕಟಕ ಸದ್ದಿಗೆ ಲಿಂಕ್ ರಾಡ್, 2,800. ಇದೇನೂ ದೊಡ್ಡ ರೋಗವಲ್ಲ. ಆದರೆ ಹೆದರಿಸಿ ಇಡೀ ಸಸ್ಪೆನ್ಷನ್ ಬದಲಿಸುವವರಿದ್ದಾರೆ.

ಈಗ ವಾರಕ್ಕೊಮ್ಮೆ ಸಾತಾರಾ ಹೆದ್ದಾರಿಯಲ್ಲಿ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸಿ ಬರುತ್ತೇನೆ. ಡೀಸೆಲ್ ಖರ್ಚಾಗುತ್ತದೆ ನಿಜ. ದೀಪ ಮತ್ತೆ ಹತ್ತಿಲ್ಲ.