ಊರು ಬದಲಿಸುವವರ ಲೆಕ್ಕ

ನಿವೃತ್ತರಾದ ನಮ್ಮಂಥವರು ಕಲೆತಲ್ಲಿ, ಕಡಲ ತಡಿಯ ಪುದುಚೇರಿಗೆ ಮನೆ ಬದಲಿಸೋಣವೆಂಬ ಮಾತು ಏಳುವುದುಂಟು. ಅಲ್ಲಿ ವಾಹನ ತೆರಿಗೆ ಕಡಿಮೆ, ಪೆಟ್ರೋಲು ಅಗ್ಗ, ನಿಜ. ವರಮಾನ ತೆರಿಗೆ ಮಾತ್ರ ದೇಶಕ್ಕೆಲ್ಲ ಒಂದೇ.

ಈ ಲೆಕ್ಕದಲ್ಲಿ ಬರೆಯದೆ ಉಳಿಯುವ ಬಾಬತ್ತೊಂದಿದೆ. ಕೊಡೈಕಾನಲ್ ಬೆಟ್ಟದ ದಕ್ಷಿಣಕ್ಕೆ, ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ ಅದು ನಮಗೆ ಕಾಣುತ್ತದೆ. ಕನ್ನಡ ಮನೆಮಾತಿನ ಕಾಪ್ಪಿಲಿಯರು ಅಲ್ಲಿ ಶತಮಾನಗಳಿಂದ ನೆಲೆಸಿದ್ದಾರೆ. ಆಳುವವರ ಕಿರುಕುಳ ತಾಳದೆ ತುಂಗಭದ್ರೆಯ ದಡದಿಂದ ಬಂದರೆಂಬ ಐತಿಹ್ಯವನ್ನು ಎಡ್ಗರ್ ಥರ್ಸ್ಟನ್ 1909ರ ತಮ್ಮ ಗ್ರಂಥದಲ್ಲಿ ದಾಖಲಿಸಿದ್ದಾರೆ. ದನಗಾಹಿಗಳಿಗೆ ಬೇಕಾದುದು ಹುಲ್ಲು, ನೀರು, ನೆಮ್ಮದಿ. 1895ರಲ್ಲಿ ಪೆರಿಯಾರ್ ಅಣೆಕಟ್ಟೆಯ ನೀರು ಸುರಂಗ ಹಾದು ಕಣಿವೆಗಿಳಿದ ಮೇಲೆ ಗದ್ದೆಗಳೂ ಹಸಿರಾದವು.

ಅವರು ದೇವರ ದನದ ಹಿಂಡನ್ನು ಕೈಬಿಡಲಿಲ್ಲ. ಹಿಂಡಿನ ಮುಂದಾಳು ಹೋರಿಗೆ ‘ಪಟ್ಟದ ಆವು’ ಎಂಬ ಹೆಸರು. ನಮ್ಮ ಮನೆಗಳಲ್ಲಿ ಮರೆತುಹೋದ ‘ಆವು’ ಅಲ್ಲಿ ಉಳಿದಿದೆ. ಆದರೆ ನಾಲಗೆಯಲ್ಲಿ ಉಳಿದ ಕನ್ನಡ ಸ್ಲೇಟಿಗೆ ಇಳಿಯಲಿಲ್ಲ. ಮಕ್ಕಳ ಓದು ಬರಹ ತಮಿಳಿನಲ್ಲಿ. ಅನ್ನವಿತ್ತ ನಾಡಿನ ನುಡಿಯನ್ನು ಕಲಿಯಲೇಬೇಕು, ಅದರಲ್ಲಿ ತಪ್ಪಿಲ್ಲ.

ಆದರೂ ಊರು ಬದಲಿಸುವವರು ಬಾಡಿಗೆಯೊಡನೆ ಇದನ್ನೂ ವಿಚಾರಿಸಬೇಕು: ಅಲ್ಲಿ ಮೊಮ್ಮಕ್ಕಳಿಗೆ ಕನ್ನಡದ ಕಾಗುಣಿತ ತಿದ್ದಿಸುವವರು ಯಾರು? ಬಿಡುವುಳ್ಳ ನಾವೇ ಆ ಕೆಲಸ ಹಿಡಿಯೋಣ. ಅದಕ್ಕೆ ಯಾವ ಊರಿನಲ್ಲೂ ತೆರಿಗೆಯಿಲ್ಲ.