ಅಂಗೈಯಗಲದ ಆಧಾರ

ಮೋಟಾರು ಕಾರಿನ ವೇಗವನ್ನು ಕೊಂಡಾಡುವವರು ಎಂಜಿನ್ನಿನ ಅಶ್ವಶಕ್ತಿಯನ್ನು ಹೊಗಳುತ್ತಾರೆ. ಟೈರನ್ನು ನೆನೆಯುವವರು ವಿರಳ. ಆದರೆ ಕಾರಿಗೂ ಭೂಮಿಗೂ ಇರುವ ಸಂಬಂಧವೆಲ್ಲ ನಾಲ್ಕು ಟೈರುಗಳು ನೆಲವನ್ನು ಮುಟ್ಟುವ ಎಡೆಯಲ್ಲಿ ಮಾತ್ರ ಇದೆ. ಆ ಒಂದೊಂದು ಎಡೆಯೂ ಹೆಚ್ಚು ಕಡಮೆ ನಮ್ಮ ಅಂಗೈಯಷ್ಟು. ಓಡುವುದು, ತಿರುಗುವುದು, ನಿಲ್ಲುವುದು, ಈ ಮೂರೂ ಆ ನಾಲ್ಕು ಅಂಗೈಗಳ ಹಿಡಿತದಿಂದಲೇ ನಡೆಯಬೇಕು.

ಕನ್ನಡ ಶಾಲೆಯ ಉಪಾಧ್ಯಾಯರಾದ ನಮಗೆ ಈ ವಿಚಾರವೇಕೆಂದು ವಾಚಕರು ಕೇಳಬಹುದು. ತಾಳವಾಡಿಯ ಕಡೆಯ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಕೊಯಮತ್ತೂರಿನಲ್ಲಿ ಉದ್ಯೋಗದಲ್ಲಿದ್ದಾನೆ. ಅದರ ಸಮೀಪದ ಚೆಟ್ಟಿಪಾಳಯಂನಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಎಂಬ ಓಟದ ಪಥವಿದೆ. ಬಿಡುವಿನ ದಿನ ಅಲ್ಲಿ ಕಾರು ಓಡಿಸುವುದು ಅವನ ಹವ್ಯಾಸ. ಹಬ್ಬಕ್ಕೆ ಹೆಂಡತಿ ಮಕ್ಕಳೊಡನೆ ದಿಂಬಂ ಘಟ್ಟದ 27 ಹೇರ್‌ಪಿನ್ ತಿರುವುಗಳನ್ನು ಹತ್ತಿ ಊರಿಗೆ ಬರುವುದೂ ಅದೇ ಕಾರಿನಲ್ಲಿ. “ಪಥದಲ್ಲಿ ಅತ್ಯಂತ ವೇಗ ಕೊಡುವ ಟೈರನ್ನೇ ಹಾಕಿಸಿಬಿಡಲೇ, ಮೇಷ್ಟ್ರೇ?” ಎಂದು ಅವನು ಕೇಳಿದನು. ಅವನಿಗೆ ಭೌತಶಾಸ್ತ್ರವನ್ನು ಕಲಿಸಿದವರು ನಾವಾದುದರಿಂದ ಉತ್ತರ ಹೇಳುವ ಹೊಣೆಯೂ ನಮ್ಮದೇ ಆಯಿತು.

ರಬ್ಬರು ಮೆತ್ತಗಾದಷ್ಟೂ ಹಿಡಿತ ಹೆಚ್ಚು, ಸವೆತವೂ ಹೆಚ್ಚು. ಅಮೆರಿಕದ ನಿಯಮಕ್ಕೊಳಪಟ್ಟ ಟೈರುಗಳ ಪಕ್ಕದಲ್ಲಿ ‘ಟ್ರೆಡ್‌ವೇರ್’ ಎಂಬ ಅಂಕೆಯಿರುತ್ತದೆ. 100 ಎಂಬುದು ಅದರ ಅಳತೆಗೋಲು. ದಿನಬಳಕೆಯ ಟೈರಿಗೆ ಈ ಅಂಕೆ 400 ಅಥವಾ ಅದಕ್ಕೂ ಮೇಲಿರುವುದುಂಟು. ಪಥದ ಟೈರಿಗೆ 200 ಅಥವಾ ಅದಕ್ಕೂ ಕಡಮೆ. ಅಂಕೆಯನ್ನು ತಯಾರಕರೇ ಕೊಡುವುದರಿಂದ ಎರಡು ಕಂಪೆನಿಗಳ ಟೈರುಗಳನ್ನು ಅದರಿಂದಲೇ ತೂಗುವುದು ಸರಿಯಲ್ಲ.

ಎರಡನೆಯದು ಶಾಖ. ಪಥಕ್ಕಾಗಿ ಮಾಡಿದ ರಬ್ಬರು ಸುಮಾರು 80ರಿಂದ 100 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ತನ್ನ ಪೂರ್ಣ ಹಿಡಿತವನ್ನು ತೋರುತ್ತದೆ. ಘಟ್ಟದ ಮುಂಜಾನೆಯ ಚಳಿಯಲ್ಲಿ ಸಂಸಾರ ಸಮೇತ ನಿಧಾನವಾಗಿ ಏರುವ ಕಾರಿನ ಟೈರಿಗೆ ಆ ಶಾಖ ಬರುವುದೇ ಇಲ್ಲ. ಮೂರನೆಯದು ಗೀರುಗಳು. ಒಣನೆಲದಲ್ಲಿ ಗೀರು ಕಡಮೆಯಾದರೆ ನೆಲಕ್ಕೆ ತಗಲುವ ರಬ್ಬರು ಹೆಚ್ಚುತ್ತದೆ. ಮಳೆಯಲ್ಲಿ ನೀರನ್ನು ಹೊರದೂಡುವುದು ಆ ಗೀರುಗಳೇ. ಅವಿಲ್ಲದಿದ್ದರೆ ಟೈರು ನೀರಿನ ಪದರದ ಮೇಲೆ ತೇಲಿ, ಸ್ಟೀರಿಂಗ್ ತಿರುಗಿದರೂ ಕಾರು ತಿರುಗದು.

ನಾಲ್ಕನೆಯದು ಗಾಳಿ. ಇದು ತರಗತಿಯ ಕರಿಹಲಗೆಗೆ ಯೋಗ್ಯವಾದ ಲೆಕ್ಕ. 30 ಡಿಗ್ರಿಯಲ್ಲಿ ಚದರ ಅಂಗುಲಕ್ಕೆ 28 ಪೌಂಡು ಗಾಳಿ ತುಂಬಿದೆವೆನ್ನೋಣ. ವಾಯುಮಂಡಲದ 14.7 ಕೂಡಿಸಿದರೆ 42.7. ಒಳಗಿನ ಗಾಳಿ 80 ಡಿಗ್ರಿಗೇರಿದಾಗ ಇದನ್ನು 353ರಿಂದ ಗುಣಿಸಿ 303ರಿಂದ ಭಾಗಿಸಬೇಕು, ಮತ್ತೆ 14.7 ಕಳೆದರೆ ಸುಮಾರು 35 ಪೌಂಡು. ಆದುದರಿಂದಲೇ ಪಥದಲ್ಲಿ ಟೈರು ಬಿಸಿಯಾದ ಮೇಲೆ ಅಳೆದು ಗಾಳಿ ಇಳಿಸುತ್ತಾರೆ. ಇಳಿಸಿದವರು ಮನೆಗೆ ಹೊರಡುವ ಮುನ್ನ, ಟೈರು ತಣಿದ ಮೇಲೆ, ಮತ್ತೆ ತುಂಬಿಸಿಕೊಳ್ಳಲೇಬೇಕು.

ಟೈರು ಒಳ್ಳೆಯದಾದರೆ ಸಾಲದು, ಸ್ಥಳಕ್ಕೆ ಒಗ್ಗಬೇಕು. 2005ನೆಯ ಇಸವಿಯ ಜೂನ್ 19ರಂದು ಅಮೆರಿಕದ ಇಂಡಿಯಾನಾಪೊಲಿಸ್‌ನ ಫಾರ್ಮುಲಾ ಒನ್ ಪಂದ್ಯದಲ್ಲಿ ಮಿಷೆಲಿನ್ ಟೈರಿನ 14 ಕಾರುಗಳು ಸಿದ್ಧತೆಯ ಸುತ್ತು ಮುಗಿಸಿ ಹಿಂದೆ ಸರಿದವು. ಬ್ರಿಜ್‌ಸ್ಟೋನ್ ಟೈರಿನ 6 ಕಾರುಗಳು ಮಾತ್ರ ಓಡಿದವು. ಅಲ್ಲಿನ ಓರೆಯಾಗಿ ಎತ್ತರಿಸಿದ 13ನೆಯ ತಿರುವನ್ನು ಆ ಟೈರುಗಳು ಪೂರ್ಣವೇಗದಲ್ಲಿ ಪಂದ್ಯದುದ್ದಕ್ಕೂ ತಾಳಲಾರವೆಂದು ತಯಾರಕರೇ ಎಚ್ಚರಿಸಿದ್ದರು. ಆ ವರ್ಷ ಬೇರೆ ಪಥಗಳಲ್ಲಿ ಗೆಲ್ಲುತ್ತಿದ್ದುದು ಅದೇ ಕಂಪೆನಿಯ ಟೈರುಗಳು.

ನಾವು ಅವನಿಗೆ ಹೇಳಿದ್ದಿಷ್ಟೆ: ಅನುಕೂಲವಿದ್ದರೆ ಪಥಕ್ಕೆ ನಾಲ್ಕು, ಊರಿಗೆ ನಾಲ್ಕು ಟೈರುಗಳನ್ನು ಬೇರೆಬೇರೆ ಇಟ್ಟುಕೊ, ಇಲ್ಲವಾದರೆ ಮಳೆಗೆ ನಿಲ್ಲುವ, ಗೀರುಳ್ಳ ರಸ್ತೆಯ ಟೈರನ್ನೇ ಆರಿಸು. “ಸುತ್ತಿಗೆ ಒಂದೆರಡು ಸೆಕೆಂಡು ಹೋಗುತ್ತದಲ್ಲ?” ಎಂದನು. “ಹೋಗಲಪ್ಪಾ. ಪಥದಲ್ಲಿ ಜಾರಿದರೆ ಬಯಲಿದೆ, ಘಟ್ಟದಲ್ಲಿ ಜಾರಿದರೆ ಕಣಿವೆಯಿದೆ” ಎಂದೆವು.

ವಿದ್ಯಾರ್ಥಿಗಳಿಗೂ ಒಂದು ಸೂಚನೆ. ಟೈರಿನ ಪಕ್ಕದಲ್ಲಿ ನಾಲ್ಕಂಕೆಯ ಗುರುತೊಂದು ಇರುತ್ತದೆ. 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದುದು. ಗೀರು ಉಳಿದಿದ್ದರೂ ರಬ್ಬರಿಗೆ ಮುಪ್ಪು ಬರುತ್ತದೆ. ನಾಳೆ ಶಾಲೆಯ ಮುಂದೆ ನಿಲ್ಲುವ ವಾಹನದ ಟೈರನ್ನು ಒಮ್ಮೆ ಓದಿ ನೋಡಿರಿ.